ತೋಡಿಗೆ ಬಿದ್ದ ಚಿಪ್ಸ್ ಪ್ಯಾಕೆಟ್ ಎಲ್ಲಿಗೆ ಹೋಗುತ್ತದೆ?

ಮುಂಗಾರಿನ ಮೊದಲ ಜೋರು ಮಳೆ ಸುರಿದ ಮಾರನೇ ದಿನ ಗದ್ದೆ ಕಡೆ ಹೋಗಿದ್ದೆ. ತೋಡಿನಿಂದ, ಅಂದರೆ ಸಣ್ಣ ಹಳ್ಳದಿಂದ, ಗದ್ದೆಗೆ ನೀರು ಬಿಡುವ ಗಂಡಿ ಕಟ್ಟಿಕೊಂಡಿತ್ತು. ಎಲೆ, ಕಡ್ಡಿ ಇರಬೇಕು ಅಂದುಕೊಂಡು ಕೈ ಹಾಕಿದೆ. ಒಂದು ಹಾಲಿನ ಕವರ್ ಬಂತು. ಆಮೇಲೆ ಎರಡು ಟೆಟ್ರಾ ಪ್ಯಾಕ್, ನೀರು ಕುಡಿದು ದಿಂಬಿನಷ್ಟು ಊದಿದ್ದ ಒಂದು ಡೈಪರ್. ಕೊನೆಗೆ ಒಂದು ಹಿಡಿ ಕಪ್ಪು ಪ್ಲಾಸ್ಟಿಕ್ ಚೂರು. ಆ ಚೂರುಗಳಲ್ಲಿ ಸಾಲಾಗಿ ಸಣ್ಣ ತೂತುಗಳಿದ್ದವು. ನೋಡಿದ ಕೂಡಲೇ ಗುರುತು ಸಿಕ್ಕಿತು. ಕಾಫಿ ಸಸಿ ಬೆಳೆಸುವ ನರ್ಸರಿ ಕವರ್. ಟೂರಿಸ್ಟ್‌ಗಳನ್ನು ಬೈಯೋಣ ಎಂದು ಬಾಯಿ ತೆರೆದವನು ಸುಮ್ನಾದೆ.

ಮಳೆಗಾಲ ಶುರುವಾದಾಗಲೆಲ್ಲ ಕೊಡಗಿನಲ್ಲಿ ಈ ಮಾತು ಏಳುತ್ತದೆ. ಬೇಸಿಗೆಯಲ್ಲಿ ಶಾಲೆ ಮಕ್ಕಳು, ಸಂಘದವರು, ಪಂಚಾಯಿತಿಯವರು ಸೇರಿ ಹೊಳೆದಂಡೆ ಕ್ಲೀನ್ ಮಾಡುತ್ತಾರೆ. ಒಂದು ಪ್ರವಾಹ ಬಂದು ಇಳಿದರೆ ದಂಡೆ ಮತ್ತೆ ಮೊದಲಿನಂತೆ. ಹಾಗಾದರೆ ಹೆಕ್ಕಿ ಏನು ಪ್ರಯೋಜನ? ಎಲ್ಲಿ ಹೆಕ್ಕಬೇಕು, ಯಾವಾಗ ಹೆಕ್ಕಬೇಕು? ಇದಕ್ಕೆ ಉತ್ತರ ಬೇಕಾದರೆ ಪ್ಲಾಸ್ಟಿಕ್ ನೀರಿನಲ್ಲಿ ಹೇಗೆ ನಡೆದುಕೊಳ್ಳುತ್ತದೆ ಎಂದು ಮೊದಲು ಗೊತ್ತಾಗಬೇಕು.

ತೇಲುವುದು, ಮುಳುಗುವುದು

ಹಣ್ಣು ಕಾಫಿಯನ್ನು ನೀರಿನ ತೊಟ್ಟಿಗೆ ಸುರಿದರೆ ಏನಾಗುತ್ತದೆ? ಒಳ್ಳೆಯ ಹಣ್ಣು ತಳಕ್ಕೆ ಹೋಗುತ್ತದೆ, ಜೊಳ್ಳು ಮೇಲೆ ಬರುತ್ತದೆ. ಹೊಳೆಯೂ ಪ್ಲಾಸ್ಟಿಕ್ಕನ್ನು ಹೀಗೇ ಬೇರೆ ಮಾಡುತ್ತದೆ.

ನಾವು ಪ್ಲಾಸ್ಟಿಕ್ ಎಂದು ಒಂದೇ ಹೆಸರಿನಲ್ಲಿ ಕರೆಯುವುದು ಹಲವು ಬೇರೆ ಬೇರೆ ವಸ್ತುಗಳನ್ನು. ಕೈಚೀಲ, ಹಾಲಿನ ಕವರ್, ನರ್ಸರಿ ಕವರ್ ಮಾಡುವುದು ಪಾಲಿಎಥಿಲೀನ್‌ನಿಂದ. ಗೊಬ್ಬರದ ನೇಯ್ದ ಚೀಲ ಹೆಚ್ಚಾಗಿ ಪಾಲಿಪ್ರೊಪಿಲೀನ್. ಬಾಟಲಿ ಮುಚ್ಚಳ ಈ ಎರಡರಲ್ಲಿ ಒಂದು. ಇವೆರಡೂ ನೀರಿಗಿಂತ ಹಗುರ, ತೇಲುತ್ತವೆ. ನೀರಿನ ಬಾಟಲಿ ಮಾಡುವ ಪೆಟ್ ನೀರಿಗಿಂತ ಭಾರ. ಪೈಪಿನ ಪಿವಿಸಿ ಕೂಡ ಭಾರ. ಬಾಟಲಿ ತೇಲುತ್ತಲ್ಲ ಎಂದು ನೀವು ಕೇಳಬಹುದು. ಮುಚ್ಚಳ ಹಾಕಿದ್ದರೆ ಒಳಗಿನ ಗಾಳಿ ಅದನ್ನು ತೇಲಿಸುತ್ತದೆ. ಮುಚ್ಚಳ ಬಿಚ್ಚಿ ಎಸೆದರೆ ನೀರು ತುಂಬಿ ತಳ ಸೇರುತ್ತದೆ, ಮುಚ್ಚಳ ಮಾತ್ರ ತೇಲಿಕೊಂಡು ಹೋಗುತ್ತದೆ.

ಚಿಪ್ಸ್ ಪ್ಯಾಕೆಟ್, ಶಾಂಪೂ ಸ್ಯಾಶೆ, ಗುಟ್ಕಾ ಚೀಟಿಗಳ ಕಥೆ ಇನ್ನೊಂದು. ಇವು ಒಂದರ ಮೇಲೊಂದು ಅಂಟಿಸಿದ ಪದರಗಳು. ಪ್ಲಾಸ್ಟಿಕ್, ಲೋಹದ ತೆಳು ಲೇಪ, ಮತ್ತೆ ಪ್ಲಾಸ್ಟಿಕ್. ಟೆಟ್ರಾ ಪ್ಯಾಕಿನಲ್ಲಿ ಮುಕ್ಕಾಲು ಪಾಲು ಕಾಗದ, ಉಳಿದದ್ದು ಪ್ಲಾಸ್ಟಿಕ್ ಮತ್ತು ಅಲ್ಯೂಮಿನಿಯಂ. ಪದರ ಬಿಡಿಸುವ ಖರ್ಚು ಜಾಸ್ತಿ. ಅದಕ್ಕೇ ಗುಜರಿಯವರು ಇವನ್ನು ಮುಟ್ಟುವುದಿಲ್ಲ. ಗುಜರಿಯವರು ಮುಟ್ಟದ್ದು ಕೊನೆಗೆ ತೋಡು ಸೇರುತ್ತದೆ.

ಮೊದಲ ಮಳೆಯ ಕೆಲಸ

ಮಡಿಕೇರಿಯಲ್ಲಿ ವರ್ಷಕ್ಕೆ ಬೀಳುವ ಮಳೆ 3,000 ಮಿಲಿಮೀಟರಿಗೂ ಹೆಚ್ಚು. ಅದರಲ್ಲಿ ಬಹುಪಾಲು ಜೂನ್‌ನಿಂದ ಸೆಪ್ಟೆಂಬರ್‌ ಒಳಗೆ ಸುರಿದುಬಿಡುತ್ತದೆ. ಉಳಿದ ತಿಂಗಳುಗಳಲ್ಲಿ ರಸ್ತೆ ಬದಿಯಲ್ಲಿ, ಮೋರಿ ಬಾಯಲ್ಲಿ, ವ್ಯೂ ಪಾಯಿಂಟ್ ಕೆಳಗಿನ ಕಡಿದಾದ ಬರೆಯಲ್ಲಿ, ತೋಟದ ಕೆಲಸದವರ ಲೈನ್ ಮನೆಗಳ ಹಿಂದೆ ಕಸ ಸೇರುತ್ತಲೇ ಇರುತ್ತದೆ. ಯಾರಿಗೂ ತೊಂದರೆ ಕೊಡದೆ ಕೂತಿರುತ್ತದೆ. ಮೊದಲ ಎರಡು ಮೂರು ಜೋರು ಮಳೆಗೆ ಅಷ್ಟೂ ಒಟ್ಟಿಗೆ ಹೊರಡುತ್ತದೆ. ವರ್ಷವಿಡೀ ಗುಡಿಸದ ಅಂಗಳಕ್ಕೆ ಒಂದೇ ಸಲ ಪೈಪು ಹಿಡಿದು ನೀರು ಬಿಟ್ಟ ಹಾಗೆ.

ಬಯಲುಸೀಮೆಯಲ್ಲಾದರೆ ಕಸ ಕೆರೆಯಲ್ಲಿ, ಹಳ್ಳದ ತಿರುವಿನಲ್ಲಿ ಸ್ವಲ್ಪ ನಿಲ್ಲುತ್ತದೆ. ನಮ್ಮ ತೋಡುಗಳಿಗೆ ಇಳಿಜಾರು ಜಾಸ್ತಿ, ಉದ್ದ ಕಡಿಮೆ. ಬೆಳಿಗ್ಗೆ ತೋಟದ ಮೇಲಿನ ರಸ್ತೆಯಲ್ಲಿದ್ದ ಪ್ಯಾಕೆಟ್ ಸಂಜೆಗೆ ದೊಡ್ಡ ಹೊಳೆಯಲ್ಲಿರುತ್ತದೆ.

ಅದರ ಗುರುತು ನೋಡಬೇಕಾದರೆ ಪ್ರವಾಹ ಇಳಿದ ಮೇಲೆ ಕಾವೇರಿ ದಂಡೆಗೆ ಹೋಗಿ. ಬಿದಿರು ಮೆಳೆ, ಅತ್ತಿ ಮರದ ಕೊಂಬೆಗಳಲ್ಲಿ ಕವರುಗಳು ತೋರಣದ ಹಾಗೆ ನೇತಾಡುತ್ತಿರುತ್ತವೆ. ಎಲ್ಲವೂ ಹೆಚ್ಚುಕಡಿಮೆ ಒಂದೇ ಎತ್ತರದಲ್ಲಿ. ನೀರು ಎಲ್ಲಿಯವರೆಗೆ ಏರಿತ್ತು ಎಂದು ತಿಳಿಯಲು ಬೇರೆ ಅಳತೆ ಪಟ್ಟಿ ಬೇಕಾಗಿಲ್ಲ. ಆ ಕವರುಗಳು ಬಿಸಿಲಿಗೆ ಒಣಗಿ, ಹರಿದು, ಮುಂದಿನ ಪ್ರವಾಹಕ್ಕೆ ಮತ್ತೆ ನೀರಿಗೆ ಬೀಳುತ್ತವೆ.

ಒಂದು ಜಿಲ್ಲೆ, ಎರಡು ಸಮುದ್ರ

ಕೊಡಗಿನ ನೀರೆಲ್ಲ ಕಾವೇರಿಗೇ ಹೋಗುತ್ತದೆ ಎಂದು ಬಹಳ ಜನ ತಿಳಿದಿದ್ದಾರೆ. ಅರ್ಧ ಸತ್ಯ ಅಷ್ಟೇ.

ತಲಕಾವೇರಿಯಿಂದ ಇಳಿದ ನೀರು ಭಾಗಮಂಡಲ, ನಾಪೋಕ್ಲು, ಸಿದ್ದಾಪುರ, ದುಬಾರೆ ದಾಟಿ ಕುಶಾಲನಗರಕ್ಕೆ ಬರುತ್ತದೆ. ಕೂಡಿಗೆಯಲ್ಲಿ ಹಾರಂಗಿ ಸೇರುತ್ತದೆ. ಇರ್ಪು ಕಡೆಯಿಂದ ಹೊರಟ ಲಕ್ಷ್ಮಣತೀರ್ಥ ಹುಣಸೂರು ಮೇಲೆ ಹಾದು ಕೆಆರ್‌ಎಸ್ ಹಿನ್ನೀರಿನಲ್ಲಿ ಕಾವೇರಿಯನ್ನು ಕೂಡುತ್ತದೆ. ಅಲ್ಲಿಂದ ಮುಂದೆ ಮೆಟ್ಟೂರು, ತಂಜಾವೂರಿನ ಗದ್ದೆ ಬಯಲು, ಕೊನೆಗೆ ಪೂಂಪುಹಾರ್ ಹತ್ತಿರ ಬಂಗಾಳ ಕೊಲ್ಲಿ. ಒಟ್ಟು ಸುಮಾರು 800 ಕಿಲೋಮೀಟರ್ ದಾರಿ.

ಈಗ ಮಡಿಕೇರಿಯಿಂದ ಸಂಪಾಜೆ ಘಾಟಿ ಇಳಿಯಿರಿ. ಅಲ್ಲಿ ಕಾರಿನ ಕಿಟಕಿಯಿಂದ ಬಿದ್ದದ್ದು ಪಯಸ್ವಿನಿಗೆ ಹೋಗುತ್ತದೆ. ಪಯಸ್ವಿನಿ ಸುಳ್ಯ ದಾಟಿ ಚಂದ್ರಗಿರಿ ಹೊಳೆಯಾಗಿ ಕಾಸರಗೋಡಿನಲ್ಲಿ ಅರಬ್ಬೀ ಸಮುದ್ರ ಸೇರುತ್ತದೆ. ದಾರಿ ಸುಮಾರು 100 ಕಿಲೋಮೀಟರ್. ವಿರಾಜಪೇಟೆಯಿಂದ ಮಾಕುಟ್ಟ ಘಾಟಿ ಇಳಿದರೆ ಬಾರಪೊಳೆ ನೀರು ಕೇರಳದ ವಳಪಟ್ಟಣಂ ಹೊಳೆಗೆ, ಅಲ್ಲಿಂದ ಕಣ್ಣೂರಿನ ಕಡಲಿಗೆ. ಪುಷ್ಪಗಿರಿ ಕಡೆಯ ಕುಮಾರಧಾರಾ ಉಪ್ಪಿನಂಗಡಿಯಲ್ಲಿ ನೇತ್ರಾವತಿಯನ್ನು ಸೇರಿ ಮಂಗಳೂರಿಗೆ.

ಈ ಎರಡು ದಿಕ್ಕಿನ ವ್ಯತ್ಯಾಸ ದೊಡ್ಡದು. ಪೂರ್ವಕ್ಕೆ ಹೋದ ಪ್ಯಾಕೆಟ್‌ಗೆ ದಾರಿಯುದ್ದಕ್ಕೂ ಅಣೆಕಟ್ಟು, ಕಟ್ಟೆ, ನಾಲೆ ಅಡ್ಡ ಬರುತ್ತವೆ. ಪಶ್ಚಿಮಕ್ಕೆ ಹೋದದ್ದಕ್ಕೆ ಅಷ್ಟು ಅಡ್ಡಿ ಇಲ್ಲ. ಮಳೆಗಾಲದಲ್ಲಿ ಕೆಲವೇ ದಿನಗಳಲ್ಲಿ ಕಡಲು ಮುಟ್ಟಬಹುದು.

ಎಲ್ಲವೂ ಸಮುದ್ರ ಸೇರುತ್ತದಾ?

ಇಲ್ಲ. ಇದು ಸಾಮಾನ್ಯವಾಗಿ ಯಾರೂ ಹೇಳದ ವಿಷಯ.

ಕೆಲವು ವರ್ಷಗಳ ಹಿಂದೆ ಜಗತ್ತಿನ ಹತ್ತು ದೊಡ್ಡ ನದಿಗಳೇ ಸಮುದ್ರಕ್ಕೆ ಹೆಚ್ಚಿನ ಪ್ಲಾಸ್ಟಿಕ್ ಒಯ್ಯುತ್ತವೆ ಎಂಬ ಲೆಕ್ಕ ಇತ್ತು. 2021ರಲ್ಲಿ ಬಂದ ಒಂದು ದೊಡ್ಡ ಅಧ್ಯಯನ ಅದನ್ನು ಬದಲಿಸಿತು. ನದಿಗಳ ಮೂಲಕ ಸಮುದ್ರ ಸೇರುವ ಪ್ಲಾಸ್ಟಿಕ್‌ನಲ್ಲಿ ಶೇ. 80ರಷ್ಟನ್ನು ಹಂಚಿಕೊಂಡಿರುವುದು ಸಾವಿರಕ್ಕೂ ಹೆಚ್ಚು ನದಿಗಳು ಎಂದು ಅದು ಅಂದಾಜು ಮಾಡಿತು. ಕರಾವಳಿಗೆ ಹತ್ತಿರ ಇರುವ, ಜೋರು ಮಳೆ ಬೀಳುವ, ದಂಡೆಯಲ್ಲಿ ಊರುಗಳಿರುವ ಸಣ್ಣ ನದಿಗಳ ಪಾಲು ಬಹಳ ದೊಡ್ಡದು ಎಂದಿತು. ನಮ್ಮ ಪಶ್ಚಿಮದ ಹೊಳೆಗಳ ಲಕ್ಷಣವೂ ಹೆಚ್ಚುಕಡಿಮೆ ಇದೇ ಅಲ್ವಾ?

ಉದ್ದ ನದಿಗಳಲ್ಲಿ ಬಹುಪಾಲು ಕಸ ದಾರಿಯಲ್ಲೇ ಉಳಿಯುತ್ತದೆ. ದಂಡೆಯ ಪೊದೆಯಲ್ಲಿ, ತಳದ ಮಣ್ಣಿನಲ್ಲಿ, ಅಣೆಕಟ್ಟಿನ ಹಿನ್ನೀರಿನಲ್ಲಿ, ನಾಲೆ ಹಾದುಹೋಗುವ ಗದ್ದೆಗಳಲ್ಲಿ. ಸಮುದ್ರಕ್ಕೆ ಹೋಗದಿದ್ದರೆ ಸಮಾಧಾನ ಪಡಬೇಕು ಅಂತೇನಿಲ್ಲ. ನಾವು ಕುಡಿಯುವುದು, ಬೆಳೆಯುವುದು, ಮೀನು ಹಿಡಿಯುವುದು ಆ ದಾರಿಯಲ್ಲೇ.

ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯ ಪ್ರೊಫೆಸರ್ ಉಪೇಂದ್ರ ನಾಂಗ್‌ಥೊಂಬಾ ಅವರ ತಂಡ ಕೆಆರ್‌ಎಸ್‌ನಲ್ಲಿ ಮೂರು ಕಡೆ ನೀರು ತೆಗೆದು ಪರೀಕ್ಷೆ ಮಾಡಿತ್ತು. ಒಂದು ಕಡೆ ನೀರು ಜೋರಾಗಿ ಹರಿಯುತ್ತಿತ್ತು, ಇನ್ನೊಂದು ಕಡೆ ನಿಧಾನ, ಮತ್ತೊಂದು ಕಡೆ ನಿಂತ ನೀರು. 2022ರಲ್ಲಿ ಫಲಿತಾಂಶ ಹೊರಬಂತು. ನೀರಿನಲ್ಲಿ ಸೂಕ್ಷ್ಮ ಪ್ಲಾಸ್ಟಿಕ್ ಕಣಗಳೂ ಕೆಲವು ಹಾನಿಕರ ರಾಸಾಯನಿಕಗಳೂ ಇದ್ದವು. ನಿಧಾನವಾಗಿ ಹರಿಯುವ ಮತ್ತು ನಿಂತ ನೀರಿನಲ್ಲಿ ಬೆಳೆಸಿದ ಝೀಬ್ರಾ ಮೀನಿನ ಭ್ರೂಣಗಳಲ್ಲಿ ಮೂಳೆ ಸೊಟ್ಟಗಾಗುವಂಥ ದೋಷಗಳು ಕಂಡವು. ಇದಕ್ಕೆ ಪ್ಲಾಸ್ಟಿಕ್ ಒಂದೇ ಕಾರಣ ಎಂದು ಈ ಅಧ್ಯಯನದಿಂದ ಹೇಳಲು ಬರುವುದಿಲ್ಲ. ಅಲ್ಲಿಗೆ ಬರುವ ನೀರಿನಲ್ಲಿ ನಮ್ಮ ತೋಡುಗಳ ನೀರೂ ಇದೆ.

ಸೂಕ್ಷ್ಮ ಪ್ಲಾಸ್ಟಿಕ್ ಎಂದರೆ 5 ಮಿಲಿಮೀಟರಿಗಿಂತ ಚಿಕ್ಕ ಚೂರು. ಒಂದು ಕಾಳುಮೆಣಸಿಗಿಂತ ಚಿಕ್ಕದು ಎಂದಿಟ್ಟುಕೊಳ್ಳಿ. ಕಣ್ಣಿಗೆ ಕಾಣದಷ್ಟು ಸಣ್ಣವೂ ಇವೆ. ಕುಡಿಯುವ ನೀರಿನಲ್ಲಿ ಈ ಕಣಗಳಿದ್ದರೆ ಮನುಷ್ಯರಿಗೆ ಏನಾಗುತ್ತದೆ ಎನ್ನುವುದಕ್ಕೆ ಸಾಕಷ್ಟು ಪುರಾವೆ ಇನ್ನೂ ಇಲ್ಲ, ಹೆಚ್ಚಿನ ಸಂಶೋಧನೆ ಬೇಕು ಎಂದು ವಿಶ್ವ ಆರೋಗ್ಯ ಸಂಸ್ಥೆ 2019ರಲ್ಲಿ ಹೇಳಿತ್ತು.

ಗದ್ದೆ, ತೋಟದ ಮಣ್ಣಿಗೆ ಏನಾಗುತ್ತದೆ

ಗೊಬ್ಬರದ ಖಾಲಿ ಚೀಲವೊಂದನ್ನು ಬೇಲಿಗೆ ಕಟ್ಟಿ ಎರಡು ಬೇಸಿಗೆ ಬಿಡಿ. ಆಮೇಲೆ ಎಳೆದರೆ ಕೈಗೆ ಬರುವುದು ದಾರದ ಪುಡಿ. ಬಿಸಿಲಿನಲ್ಲಿರುವ ನೇರಳಾತೀತ ಕಿರಣ ಪ್ಲಾಸ್ಟಿಕ್‌ನ ಉದ್ದ ಸರಪಳಿಯನ್ನು ತುಂಡು ಮಾಡುತ್ತದೆ. ಚೀಲ ಕರಗಿ ಹೋಯಿತು ಎಂದು ನಾವು ಅಂದುಕೊಳ್ಳುತ್ತೇವೆ. ಅದು ಎಣಿಸಲಾಗದಷ್ಟು ಚೂರಾಗಿ ಅದೇ ಮಣ್ಣಿನಲ್ಲಿರುತ್ತದೆ. ಮಣ್ಣಿನ ಆಳಕ್ಕೆ ಹೋದರೆ ಅಲ್ಲಿ ಬಿಸಿಲಿಲ್ಲ, ಇನ್ನೂ ನಿಧಾನ.

ದೊಡ್ಡ ತುಂಡುಗಳ ತೊಂದರೆ ಸುಲಭವಾಗಿ ಕಾಣುತ್ತದೆ. ಗಂಡಿ ಕಟ್ಟಿದರೆ ಒಂದು ಮಡಿಗೆ ನೀರು ಹೆಚ್ಚು, ಇನ್ನೊಂದಕ್ಕೆ ಇಲ್ಲ. ಮೋರಿ ಕಟ್ಟಿದರೆ ನೀರು ಬದು ಒಡೆದು ತನ್ನದೇ ದಾರಿ ಮಾಡಿಕೊಳ್ಳುತ್ತದೆ, ಜೊತೆಗೆ ಮೇಲ್ಮಣ್ಣನ್ನೂ ಒಯ್ಯುತ್ತದೆ. ಮಣ್ಣಿನೊಳಗೆ ಹಾಳೆಯಂತೆ ಮಡಚಿಕೊಂಡ ಕವರ್ ಬೇರಿಗೂ ನೀರಿಗೂ ಅಡ್ಡ ನಿಲ್ಲುತ್ತದೆ. ಕೊಯ್ಲಾದ ಗದ್ದೆಗೆ ಮೇಯಲು ಬಿಟ್ಟ ಹಸು ಉಪ್ಪು, ಅನ್ನ ಅಂಟಿದ ಕವರ್ ನುಂಗಿದರೆ ಅದು ಜೀರ್ಣ ಆಗುವುದಿಲ್ಲ. ಹೊಟ್ಟೆಯಲ್ಲೇ ಗಂಟು ಕಟ್ಟುತ್ತದೆ.

ಸಣ್ಣ ಚೂರುಗಳ ತೊಂದರೆ ಕಾಣುವುದಿಲ್ಲ. ಎರೆಹುಳು ಇರುವ ಮಣ್ಣಿಗೆ ಪ್ಲಾಸ್ಟಿಕ್ ಕಣ ಬೆರೆಸಿ ನೋಡಿದ ಪ್ರಯೋಗಗಳಲ್ಲಿ, ಕಣ ಜಾಸ್ತಿಯಾದಾಗ ಹುಳದ ಬೆಳವಣಿಗೆ ಕುಗ್ಗಿದೆ. ಹುಳುಗಳೇ ಆ ಕಣಗಳನ್ನು ಕೆಳಗಿನ ಪದರಕ್ಕೆ ಒಯ್ಯುವುದೂ ಕಂಡಿದೆ. ಮಣ್ಣಿಗೆ ಸೇರಿದ ಈ ಪುಡಿಯನ್ನು ಹೆಕ್ಕಿ ತೆಗೆಯುವ ದಾರಿ ರೈತನ ಕೈಯಲ್ಲಿ ಇಲ್ಲ.

ಕೃಷಿಯ ಪ್ಲಾಸ್ಟಿಕ್ಕೂ ಕಡಿಮೆಯೇನಿಲ್ಲ. ಕಾಫಿ, ಮೆಣಸಿನ ನರ್ಸರಿ ಕವರ್, ಶುಂಠಿ ಗದ್ದೆಯ ಪೈಪು, ಕಾಫಿ ಒಣಗಿಸುವ ಟಾರ್ಪಾಲು, ನೆರಳು ಬಲೆ, ಔಷಧಿ ಬಾಟಲಿ. ಗಿಡ ನೆಡುವ ಗಡಿಬಿಡಿಯಲ್ಲಿ ಕವರ್ ಸೀಳಿ ಗುಂಡಿ ಪಕ್ಕ ಎಸೆಯುವುದು ಎಷ್ಟು ಸಲೀಸು ಅಂತ ನನಗೂ ಗೊತ್ತು. ದಿನಕ್ಕೆ ನೂರಾರು ಗಿಡ ನೆಡುವಾಗ ನೂರಾರು ಕವರ್. ಸೊಂಟಕ್ಕೆ ಒಂದು ಚೀಲ ಕಟ್ಟಿಕೊಂಡರೆ ಆ ಕೆಲಸ ಮುಗಿಯಿತು. ಔಷಧಿ ಬಾಟಲಿಯನ್ನು ಮೂರು ಸಲ ತೊಳೆದು, ಆ ನೀರನ್ನು ಸಿಂಪಡಿಸುವ ಟ್ಯಾಂಕಿಗೇ ಹಾಕಿ, ಬಾಟಲಿಗೆ ತೂತು ಮಾಡಿ ಬೇರೆ ಇಡಬೇಕು. ತೋಡಿನಲ್ಲಿ ಮಾತ್ರ ತೊಳೆಯಬಾರದು.

ಕಡಲಿನ ಕಡೆಯ ಕಥೆ ನೀವು ಬೇಕಾದಷ್ಟು ಕೇಳಿರುತ್ತೀರಿ. ಆಮೆ ತೇಲುವ ಕವರನ್ನು ಲೋಳೆಮೀನು ಎಂದು ನುಂಗುತ್ತದೆ, ಹಕ್ಕಿ ಮುಚ್ಚಳವನ್ನು ಮರಿಗೆ ತಿನ್ನಿಸುತ್ತದೆ. ಅಲ್ಲಿಗೆ ಹೋದ ಮೇಲೆ ಹಿಡಿಯುವುದು ಯಾಕೆ ಕಷ್ಟ ಎಂದರೆ ಕಸ ಹರಡಿಕೊಳ್ಳುತ್ತದೆ. ತೋಡಿನಲ್ಲಿ ನಾಲ್ಕು ಅಡಿ ಅಗಲದಲ್ಲಿ ಹಾದು ಹೋದದ್ದನ್ನು ಅಲ್ಲಿ ಸಾವಿರಾರು ಚದರ ಕಿಲೋಮೀಟರಿನಲ್ಲಿ ಹುಡುಕಬೇಕು.

ಹರಿಯುವ ನೀರಿನಿಂದ ಹಿಡಿಯುವುದು ಹೇಗೆ

ಮಳೆಗಾಲದಲ್ಲಿ ಗದ್ದೆ ನೀರು ಹೊರಬೀಳುವ ಕಡೆ ಬಿದಿರಿನ ಕೂಳಿ ಇಟ್ಟು ಮೀನು ಹಿಡಿಯುವುದನ್ನು ನೋಡಿದ್ದೀರಲ್ಲ? ನೀರು ಹೋಗಬೇಕು, ಮೀನು ನಿಲ್ಲಬೇಕು. ಕಸ ಹಿಡಿಯುವುದಕ್ಕೂ ಅದೇ ಲೆಕ್ಕ. ಕಷ್ಟ ಏನೆಂದರೆ ಇಲ್ಲಿ ಮೀನು ಹೋಗಬೇಕು, ಕಸ ಮಾತ್ರ ನಿಲ್ಲಬೇಕು.

ಹೆಚ್ಚು ಬಳಕೆಯಲ್ಲಿರುವುದು ತೇಲುವ ತಡೆ. ಗಾಳಿ ತುಂಬಿದ ಡ್ರಮ್ಮುಗಳ ಸಾಲನ್ನು ಹೊಳೆಗೆ ಅಡ್ಡ ಕಟ್ಟುತ್ತಾರೆ. ಕೆಳಗೆ ಒಂದೆರಡು ಅಡಿ ಜಾಲರಿ ಇಳಿಬಿಟ್ಟಿರುತ್ತಾರೆ. ನೀರು ಏರಿದರೆ ತಡೆಯೂ ಏರುತ್ತದೆ, ಮೀನು ಅಡಿಯಿಂದ ಹೋಗುತ್ತದೆ. ಇದನ್ನು ದಂಡೆಯಿಂದ ದಂಡೆಗೆ ನೇರ ಕಟ್ಟುವುದಿಲ್ಲ, ಓರೆಯಾಗಿ ಕಟ್ಟುತ್ತಾರೆ. ನೇರ ಇದ್ದರೆ ಸೆಳೆತಕ್ಕೆ ಕಸ ಅಡಿಗೆ ನುಗ್ಗಿ ಹೋಗುತ್ತದೆ. ಓರೆ ಇದ್ದರೆ ತಡೆಗುಂಟ ಜಾರಿಕೊಂಡು ಒಂದು ದಂಡೆಗೆ ಬಂದು ಸೇರುತ್ತದೆ. ಅಲ್ಲಿ ನಿಂತು ತೆಗೆಯಬಹುದು. ಬೆಂಗಳೂರಿನ ಆಲ್ಫಾಮರ್ಸ್ ಎಂಬ ಕಂಪನಿ ಮಾಡಿದ ಇಂಥ ತಡೆಗಳನ್ನು ಚೆನ್ನೈನ ಕೂವಂ ನದಿಯಲ್ಲಿ ಹಾಕಿದ್ದಾರೆ.

ಬೇರೆ ಉಪಾಯಗಳೂ ಇವೆ. ಅಮೆರಿಕದ ಬಾಲ್ಟಿಮೋರ್‌ನಲ್ಲಿ 2014ರಿಂದ ಒಂದು ದೊಡ್ಡ ನೀರಿನ ಚಕ್ರ ಕೆಲಸ ಮಾಡುತ್ತಿದೆ. ಹೊಳೆಯ ಹರಿವೇ ಚಕ್ರ ತಿರುಗಿಸುತ್ತದೆ, ಚಕ್ರ ಒಂದು ಪಟ್ಟಿಯನ್ನು ಎಳೆಯುತ್ತದೆ, ಪಟ್ಟಿ ಕಸವನ್ನು ಎತ್ತಿ ತೊಟ್ಟಿಗೆ ಹಾಕುತ್ತದೆ. ಹರಿವು ಸಾಲದಿದ್ದರೆ ಸೋಲಾರ್ ಇದೆ. ಆಮ್‌ಸ್ಟರ್‌ಡ್ಯಾಮ್‌ನ ಕಾಲುವೆಯಲ್ಲಿ 2019ರಲ್ಲಿ ತಳದಲ್ಲಿ ತೂತಿನ ಪೈಪು ಹಾಕಿ ಗಾಳಿ ಬಿಟ್ಟರು. ಏಳುವ ಗುಳ್ಳೆಗಳ ಪರದೆ ಕಸವನ್ನು ಒಂದು ಬದಿಗೆ ತಳ್ಳುತ್ತದೆ.

ಇವೆಲ್ಲ ಚೆಂದ. ಆದರೆ ನಿಧಾನ ಹರಿಯುವ, ಪಟ್ಟಣದ ನೀರಿಗೆ ಹೇಳಿ ಮಾಡಿಸಿದ್ದು. ಆಗಸ್ಟ್‌ನಲ್ಲಿ ನಾಪೋಕ್ಲು, ಕರಡಿಗೋಡು ಕಡೆಯ ಕಾವೇರಿ ಬೇರೆಯೇ ಹೊಳೆ. ಬುಡಸಮೇತ ಮರ ತೇಲಿ ಬರುತ್ತದೆ. 2018ರ ಆಗಸ್ಟ್‌ನಲ್ಲಿ ಗುಡ್ಡ ಕುಸಿದಾಗ ಮಣ್ಣು, ಮರ, ಮನೆ ಸಾಮಾನು ಎಲ್ಲ ಹೊಳೆಗೆ ಬಂದಿತ್ತು. ಅದರ ಮುಂದೆ ಡ್ರಮ್ಮಿನ ಸಾಲು ಯಾವ ಲೆಕ್ಕ? ಇನ್ನೊಂದು ಮಿತಿಯೂ ಇದೆ. ತೇಲುವ ತಡೆ ತೇಲುವುದನ್ನು ಮಾತ್ರ ಹಿಡಿಯುತ್ತದೆ. ನೀರು ಕುಡಿದ ಡೈಪರ್, ಬಟ್ಟೆ, ಮುಚ್ಚಳ ಇಲ್ಲದ ಬಾಟಲಿ ಅಡಿಯಿಂದ ಹೋಗುತ್ತವೆ. ಸೂಕ್ಷ್ಮ ಚೂರಿನ ಮಾತೇ ಬೇಡ. ಅಷ್ಟು ಸಣ್ಣ ಕಣ್ಣಿನ ಬಲೆ ಕಟ್ಟಿದರೆ ಎಲೆ ತುಂಬಿ ಹತ್ತು ನಿಮಿಷಕ್ಕೆ ಅಣೆಕಟ್ಟೇ ಆಗುತ್ತದೆ.

ಹಾಗಾಗಿ ನಮ್ಮ ಜಾಗಕ್ಕೆ ಮೇಲಿನಿಂದ ಹಿಡಿಯುವುದೇ ಲಾಯಕ್ಕು. ಏಪ್ರಿಲ್, ಮೇ ತಿಂಗಳಲ್ಲಿ ತೋಡು ಬತ್ತಿರುವಾಗ ಕಸ ಕಾಲ ಕೆಳಗೇ ಸಿಗುತ್ತದೆ. ಒಣಗಿರುತ್ತದೆ, ಹಗುರ ಇರುತ್ತದೆ, ಇನ್ನೂ ತುಂಡಾಗಿರುವುದಿಲ್ಲ. ಅದೇ ಕಸ ಜುಲೈನಲ್ಲಿ ನೀರು, ಮಣ್ಣು ಸೇರಿ ಹಲವು ಪಟ್ಟು ಭಾರ. ಹೆಕ್ಕುವವರ ಜೀವಕ್ಕೂ ಅಪಾಯ. ರಸ್ತೆ ಮೋರಿಗಳ ಬಾಯಿ, ಅಂಗಡಿ ಹಿಂದಿನ ಬರೆ, ಸೇತುವೆಯ ಎರಡೂ ಬದಿ, ಇಷ್ಟು ಕಡೆ ನೋಡಿದರೆ ಸಾಕು, ಬಹಳಷ್ಟು ಸಿಗುತ್ತದೆ. ತೋಟದೊಳಗೆ ನೀರು ಇಂಗಲು ತೋಡುವ ತೊಟ್ಟಿಲು ಗುಂಡಿಗಳೂ ಒಳ್ಳೆಯ ಬಲೆಗಳೇ. ಅವನ್ನು ಬಿಡಿಸುವಾಗ ಬಂದ ಪ್ಲಾಸ್ಟಿಕ್ಕನ್ನು ಮಣ್ಣಿನ ಜೊತೆ ಗಿಡದ ಬುಡಕ್ಕೆ ಎಳೆಯದಿದ್ದರೆ ಆಯಿತು.

ನಿಷೇಧ ಇದೆಯಲ್ಲ?

ಇದೆ. ಕರ್ನಾಟಕ 2016ರಲ್ಲೇ ಪ್ಲಾಸ್ಟಿಕ್ ಕೈಚೀಲ ನಿಷೇಧಿಸಿತು. ದೇಶದಲ್ಲಿ 2022ರ ಜುಲೈ 1ರಿಂದ ಪ್ಲಾಸ್ಟಿಕ್ ತಟ್ಟೆ, ಲೋಟ, ಚಮಚ, ಸ್ಟ್ರಾ, ಅಲಂಕಾರದ ಥರ್ಮೋಕೋಲ್ ಮುಂತಾದವಕ್ಕೆ ನಿಷೇಧ ಬಂತು. 2022ರ ಕೊನೆಯಿಂದ 120 ಮೈಕ್ರಾನ್‌ಗಿಂತ ತೆಳುವಾದ ಕೈಚೀಲಕ್ಕೆ ದೇಶದಲ್ಲೆಲ್ಲೂ ಅವಕಾಶ ಇಲ್ಲ. ಮೈಕ್ರಾನ್ ಎಂದರೆ ಮಿಲಿಮೀಟರಿನ ಸಾವಿರದಲ್ಲಿ ಒಂದು ಪಾಲು. ತಲೆಕೂದಲು ಸುಮಾರು 70 ಮೈಕ್ರಾನ್ ದಪ್ಪ ಇರುತ್ತದೆ.

ನನ್ನ ಗಂಡಿಯಲ್ಲಿ ಸಿಕ್ಕಿದ್ದನ್ನು ಆ 2022ರ ಪಟ್ಟಿಗೆ ಹಿಡಿದು ನೋಡಿದೆ. ಹಾಲಿನ ಕವರ್, ಟೆಟ್ರಾ ಪ್ಯಾಕ್, ಡೈಪರ್, ನರ್ಸರಿ ಕವರ್. ಒಂದೂ ಆ ಪಟ್ಟಿಯಲ್ಲಿಲ್ಲ. ಚಿಪ್ಸ್ ಪ್ಯಾಕೆಟ್ಟೂ ಇಲ್ಲ, ನೀರಿನ ಬಾಟಲಿಯೂ ಇಲ್ಲ. ಪ್ಲಾಸ್ಟಿಕ್ ಪ್ಯಾಕಿಂಗ್‌ಗೆ ಬೇರೆ ನಿಯಮ ಇದೆ. ಮಾರುಕಟ್ಟೆಗೆ ಬಿಟ್ಟಷ್ಟು ಪ್ಯಾಕಿಂಗ್‌ನ ವಿಲೇವಾರಿಗೆ ಕಂಪನಿಗಳೇ ಹೊಣೆ ಹೊರಬೇಕು ಎನ್ನುತ್ತದೆ ಅದು.

ಹೆಕ್ಕಿದ್ದನ್ನು ಏನು ಮಾಡುವುದು

ಎಲ್ಲ ಶ್ರಮದಾನವೂ ಎಡವುವುದು ಇಲ್ಲಿ. ಫೋಟೊದಲ್ಲಿ ಇಪ್ಪತ್ತು ಮೂಟೆ ಇರುತ್ತದೆ. ಮೂರು ತಿಂಗಳು ಕಳೆದರೂ ಮೂಟೆ ಅಲ್ಲೇ ಇರುತ್ತದೆ, ನಾಯಿ ಹರಿದಿರುತ್ತದೆ.

ನಮ್ಮ ಕಡೆ ಸುಲಭದ ದಾರಿ ಬಚ್ಚಲ ಒಲೆ. ಹಂಡೆ ಕೆಳಗೆ ಕವರ್ ತುರುಕಿದರೆ ಬೆಂಕಿ ಬೇಗ ಹಿಡಿಯುತ್ತದೆ, ನಿಜ. ಆದರೆ ಆ ಒಲೆಯ ಕಾವು ಪ್ಲಾಸ್ಟಿಕ್ಕನ್ನು ಪೂರ್ತಿ ಸುಡಲು ಸಾಲದು. ಅರೆಬೆಂದ ಹೊಗೆಯಲ್ಲಿ ವಿಷಕಾರಿ ಅಂಶಗಳು ಹೊರಬರುತ್ತವೆ, ಪಿವಿಸಿ ಇದ್ದರಂತೂ ಡಯಾಕ್ಸಿನ್ ಎಂಬ ಬಹಳ ಕೆಟ್ಟ ವಿಷ. ಸಿಮೆಂಟ್ ಕಾರ್ಖಾನೆಯ ಗೂಡಿನಲ್ಲಿ 1,400 ಡಿಗ್ರಿಗೂ ಹೆಚ್ಚು ಕಾವು ಇರುತ್ತದೆ. ಮರುಬಳಕೆಗೆ ಬಾರದ ಪದರದ ಪ್ಯಾಕೆಟ್‌ಗಳನ್ನು ಕಲ್ಲಿದ್ದಲಿನ ಜೊತೆ ಉರುವಲಾಗಿ ಹಾಕುವುದು ಅಂಥ ಗೂಡುಗಳಲ್ಲಿ.

ಅಲ್ಲಿಯವರೆಗೆ ಕಸ ಹೋಗಬೇಕಾದರೆ ಮೊದಲ ಮೆಟ್ಟಿಲು ಗ್ರಾಮ ಪಂಚಾಯಿತಿಯ ಕಸ ಬೇರ್ಪಡಿಸುವ ಘಟಕ. ಸ್ವಚ್ಛ ಸಂಕೀರ್ಣ ಎಂಬ ಬೋರ್ಡ್ ನೋಡಿರುತ್ತೀರಿ. ಕಸದ ಗಾಡಿ ಓಡಿಸುವವರು, ಬೇರ್ಪಡಿಸುವವರು ಬಹಳ ಕಡೆ ಸ್ವಸಹಾಯ ಸಂಘದ ಹೆಂಗಸರೇ. ಅವರಿಗೆ ಒಣ ಕಸ ಬೇಕು. ಕೆಸರು ಮೆತ್ತಿದ ಒದ್ದೆ ಮೂಟೆ ಕೊಟ್ಟರೆ ಒಳ್ಳೆಯ ಬಾಟಲಿಯೂ ಅದರ ಜೊತೆ ಹಾಳು.

ಆ ದಿನ ಗಂಡಿಯಿಂದ ತೆಗೆದದ್ದನ್ನು ನಾನು ತಂತಿ ಬೇಲಿಯ ಮೇಲೆ ಹರವಿದ್ದೆ. ಮಳೆ ಬಿಡದೆ ಒಂದು ವಾರ ಒಣಗಲೇ ಇಲ್ಲ. ಕೊನೆಗೆ ಹಳೇ ಟಾರ್ಪಾಲಿನ ಕೆಳಗೆ, ಕಾಫಿ ಕಣದ ಮೂಲೆಯಲ್ಲಿ ಒಂದು ಚೀಲ ತೂಗು ಹಾಕಿದ್ದೇನೆ. ಮಣ್ಣು ಜಾಡಿಸಿ, ಒಣಗಿಸಿ ಅದಕ್ಕೆ ತುಂಬುವುದು. ಡೈಪರ್‌ಗೆ ಆ ಚೀಲದಲ್ಲಿ ಜಾಗ ಇಲ್ಲ. ಅದನ್ನು ಕಾಗದದಲ್ಲಿ ಸುತ್ತಿ ಬೇರೆಯಾಗಿ ಕೊಡಬೇಕು ಎಂದು ಗಾಡಿಯವರು ಹೇಳಿದರು. ನರ್ಸರಿ ಕವರ್ ತೊಳೆದು ಒಣಗಿಸಿದ್ದರೆ ತೆಗೆದುಕೊಳ್ಳುತ್ತಾರಂತೆ.